ಹೊಗೆಯೋ, ತುಕ್ಕೋ

ಕಡೂರಿನಿಂದ ಕೆಮ್ಮಣ್ಣುಗುಂಡಿಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಆದರೆ ಅಷ್ಟರೊಳಗೇ ನಾಡು ಬದಲಾಗಿಬಿಡುತ್ತದೆ. ಕಡೂರು, ಬೀರೂರು, ಯಗಟಿಯ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ರಾಗಿ, ತೆಂಗು, ಈರುಳ್ಳಿಯ ಸೀಮೆ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಹಾದಿ ಹಿಡಿದರೆ ಅಡಿಕೆ, ಕಾಫಿ, ಮುಂಗಾರು ಹಿಡಿದ ಮೇಲೆ ತಿಂಗಳುಗಟ್ಟಲೆ ಒಣಗದ ನೆಲ. ಅಜ್ಜಂಪುರ, ಶಿವನಿಯ ಕಡೆ ತಿರುಗಿದರೆ ಹವೆ ಮತ್ತೆ ಒಣ, ಆದರೆ ಮಳೆ ಬಿದ್ದ ದಿನ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬಿಡುವುದಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಮಾರಾಟಕ್ಕೆ ನಿಲ್ಲುವ ಹಳೆಯ ಫೋರ್‌ವೀಲ್ ಗಾಡಿಗಳು ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಹೊರಬಂದಿದ್ದರೂ ಬೇರೆ ಬೇರೆ ಬದುಕು ಬಾಳಿರುತ್ತವೆ, ಬೇರೆ ಬೇರೆ ಕಾಯಿಲೆ ಹಿಡಿಸಿಕೊಂಡಿರುತ್ತವೆ. ಕೊಳ್ಳುವವರಿಗೆ ಆರೋಗ್ಯವಂತ ಗಾಡಿ ಸಿಗುವುದು ಅಪರೂಪ. ಆರಿಸಬೇಕಾದದ್ದು ಯಾವ ಕಾಯಿಲೆಯನ್ನು ಮನೆಗೆ ತರುವುದು ಎಂಬುದನ್ನು.

ಎರಡು ಗಾಡಿಗಳನ್ನು ಎದುರಿಗಿಟ್ಟುಕೊಳ್ಳೋಣ. ಒಂದು, ಕಡೂರಿನ ಬಯಲಿನಲ್ಲಿ ಓಡಿದ ಮಹೀಂದ್ರ ಎಂಎಂ 540 ಡೀಸೆಲ್ ಜೀಪು. ಮಹೀಂದ್ರ ಕಂಪನಿ 1947ರಿಂದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು; ಆ ವಂಶದಲ್ಲೇ 1980ರ ದಶಕದಲ್ಲಿ ಬಂದ ಈ ಮಾದರಿಗೆ ಫ್ರಾನ್ಸಿನ ಪೂಜೋ ವಿನ್ಯಾಸದ 2.1 ಲೀಟರ್ ಎಂಜಿನ್. ನಮ್ಮ ಜೀಪಿನ ಎಂಜಿನ್ ಬೋರಿಗೆ ಬಂದಿದೆ: ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ತಕರಾರು, ನೀಲಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಒಳಗಿಂದ ಬುಸುಗುಡುವ ಗಾಳಿ. ಚಾಸಿ ಮಾತ್ರ ಗಟ್ಟಿ. ಎರಡನೆಯದು ಗಿರಿಯ ಕಡೆಯ ಕಾಫಿ ತೋಟದಲ್ಲಿದ್ದ ಮಾರುತಿ ಜಿಪ್ಸಿ. ಸುಜುಕಿಯ ವಿನ್ಯಾಸ, 1985ರ ಕೊನೆಯಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1,300 ಸಿಸಿಗೆ ಬೆಳೆದು, 2018–19ರ ಹೊತ್ತಿಗೆ ತಯಾರಿಕೆ ನಿಂತ ಗಾಡಿ. ನಮ್ಮ ಜಿಪ್ಸಿ ಓಡಿರುವುದು ಕಡಿಮೆ, ಎಂಜಿನ್ ಸದ್ದು ಮಧುರ, ಬಣ್ಣ ಹೊಸದು. ಅಡಿಗೆ ಇಣುಕಿದರೆ ಚಾಸಿಯಲ್ಲಿ ತುಕ್ಕು. ಹತ್ತರಲ್ಲಿ ಎಂಟು ಮಂದಿ ಜಿಪ್ಸಿಯತ್ತ ವಾಲುತ್ತಾರೆ ಎಂದು ಊಹಿಸಿದರೆ ತಪ್ಪಾಗಲಾರದು. ನನ್ನ ವಾದ ಹೊಗೆಯುಗುಳುವ ಜೀಪಿನ ಪರ. ಅದಕ್ಕೆ ಕಾರಣ ಕಂಪನಿಯ ಮೇಲಿನ ಅಭಿಮಾನವಲ್ಲ. ಗಾಡಿಗಳ ಹೆಸರು ಅದಲುಬದಲಾಗಿ ಜಿಪ್ಸಿ ಹೊಗೆಯುಗುಳುತ್ತಿದ್ದು ಜೀಪು ತುಕ್ಕು ಹಿಡಿದಿದ್ದರೆ ಜಿಪ್ಸಿಯ ಪರ ನಿಲ್ಲುತ್ತಿದ್ದೆ.

ಮೊದಲು ಎಂಜಿನ್ ಸವೆತವನ್ನೇ ನೋಡೋಣ. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜುವುದು ಎಣ್ಣೆಯ ತೆಳುಪೊರೆಯ ಮೇಲೆ. ಪಿಸ್ಟನ್ ಅತಿ ಮೇಲಿನ ತುದಿಗೆ ಹೋಗಿ ಹಿಂದಿರುಗುವ ಗಳಿಗೆಯಲ್ಲಿ ಅದರ ವೇಗ ಸೊನ್ನೆ. ಆಗ ಎಣ್ಣೆಪೊರೆ ಕಡಿದುಹೋಗುತ್ತದೆ, ಶಾಖವೂ ಅಲ್ಲೇ ಹೆಚ್ಚು. ಆದ್ದರಿಂದ ಸಿಲಿಂಡರು ಮೇಲ್ತುದಿಯಲ್ಲಿ ಹೆಚ್ಚು ಸವೆದು, ಕೆಳಗೆ ಕಡಿಮೆ ಸವೆಯುತ್ತದೆ. ಕಡೂರಿನ ಧೂಳು ಇದಕ್ಕೆ ಇನ್ನಷ್ಟು ಕೈಜೋಡಿಸುತ್ತದೆ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಎರಕದ ಕಬ್ಬಿಣಕ್ಕಿಂತ ಗಡುಸು. ಏರ್ ಫಿಲ್ಟರ್ ಸರಿಯಿಲ್ಲದ ಗಾಡಿಯಲ್ಲಿ ಅದು ಉಜ್ಜುಪುಡಿಯಾಗಿ ಕೆಲಸ ಮಾಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟು ಕುಗ್ಗಿಸಿ, ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರಿಂಗುಗಳ ಪಕ್ಕದಲ್ಲಿ ಗಾಳಿ ನುಸುಳಿಹೋದರೆ ಆ ಬಿಸಿ ಏರುವುದಿಲ್ಲ, ಚಳಿಯ ಬೆಳಗಿನಲ್ಲಿ ಎಂಜಿನ್ ಏಳುವುದಿಲ್ಲ. ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಶನ್’ ಎಂದು ಮುಖ ಗಂಟಿಕ್ಕುವುದು ಈ ಸೋರಿಕೆಗೆ.

ಆದರೆ ಈ ಸವೆತವನ್ನು ಎಂಜಿನ್ ಕಟ್ಟಿದವರು ಮೊದಲೇ ನಿರೀಕ್ಷಿಸಿದ್ದರು. ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಸವೆದ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಕಾಲು ಅಥವಾ ಅರ್ಧ ಮಿಲಿಮೀಟರ್ ಹೆಚ್ಚಿಗೆ ಕೊರೆಸಿ, ಆ ಅಳತೆಗೆಂದೇ ತಯಾರಾಗುವ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಕ್ರ್ಯಾಂಕ್ ಸವೆದಿದ್ದರೆ ಅರೆದು, ದಪ್ಪ ಬೇರಿಂಗ್ ಕೂರಿಸುತ್ತಾರೆ. ಕೊರೆಯುವ ಅವಕಾಶ ಮುಗಿದಿದ್ದರೆ ಸಿಲಿಂಡರಿಗೆ ಹೊಸ ಸ್ಲೀವ್. ಪಾದರಕ್ಷೆಯ ಅಟ್ಟೆ ಸವೆಯಲೆಂದೇ ಇರುವ ಹಾಗೆ ಇವೂ ಸವೆಯಲೆಂದೇ ಇಟ್ಟ ಮೈಗಳು. ಯಂತ್ರದ ಒಂದು ಭಾಗ ಇನ್ನೊಂದರ ಮೇಲೆ ಜಾರುವ, ಉರುಳುವ ಕಡೆಯಲ್ಲೆಲ್ಲ ವಿನ್ಯಾಸಕಾರರು ಹೀಗೆ ಬದಲಿಯ ದಾರಿ ತೆರೆದಿಟ್ಟಿರುತ್ತಾರೆ: ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ಜಾಯಿಂಟ್ ಕ್ರಾಸ್, ಕಿಂಗ್‌ಪಿನ್ ಬೇರಿಂಗ್, ಸ್ಪ್ರಿಂಗ್ ಬುಷ್. ಚಾಸಿ ಆ ಪಟ್ಟಿಯಲ್ಲಿಲ್ಲ. ಅದು ಸವೆಯುತ್ತದೆ ಎಂಬ ಎಣಿಕೆಯೇ ವಿನ್ಯಾಸದಲ್ಲಿಲ್ಲ. ಉಳಿದೆಲ್ಲವೂ ಅದಕ್ಕೆ ಜೋತುಬಿದ್ದಿವೆ.

ಇನ್ನು ತುಕ್ಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದಿರು ಇಳಿದು ಬಂದದ್ದು ಇದೇ ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇ ಮೇಲೆ ತಣಿಗೆಬೈಲಿಗೆ, ಅಲ್ಲಿಂದ ಹಳಿಯ ಮೇಲೆ. ಅದಿರೆಂದರೆ ಕಬ್ಬಿಣದ ಆಕ್ಸೈಡು. ಮಲೆನಾಡಿನ ಸೌದೆಯ ಇದ್ದಿಲನ್ನು ಉರಿಸಿ ಅದರೊಳಗಿನ ಆಮ್ಲಜನಕವನ್ನು ಬಿಡಿಸಿದಾಗ ಕಬ್ಬಿಣ ದಕ್ಕಿತು. ಹಾಗೆ ಶಕ್ತಿ ಸುರಿದು ಪಡೆದ ಲೋಹ, ನೀರು ಮತ್ತು ಗಾಳಿ ಸಿಕ್ಕ ಕೂಡಲೇ ಯಾರೂ ಒತ್ತಾಯಿಸದೆ ಆಕ್ಸೈಡಿಗೆ ಹಿಂದಿರುಗತೊಡಗುತ್ತದೆ. ತುಕ್ಕು ನೀರು ಕುಡಿದ ಆಕ್ಸೈಡು. ಗಿರಿಯ ಕೆಂಪು ಮಣ್ಣಿಗೂ ಜಿಪ್ಸಿಯ ಅಡಿಯಲ್ಲಿ ಉದುರುವ ಚಕ್ಕೆಗೂ ರಸಾಯನದಲ್ಲಿ ಹತ್ತಿರದ ನಂಟು. ಈ ಕ್ರಿಯೆ ನಡೆಯುವುದು ಬ್ಯಾಟರಿಯ ರೀತಿಯಲ್ಲಿ: ಉಕ್ಕಿನ ಮೈಯ ಒಂದು ಚುಕ್ಕೆಯಲ್ಲಿ ಕಬ್ಬಿಣ ಕರಗುತ್ತದೆ, ಇನ್ನೊಂದು ಚುಕ್ಕೆಯಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ, ನಡುವೆ ತೇವದ ಪೊರೆ ಸರ್ಕ್ಯೂಟನ್ನು ಪೂರ್ತಿ ಮಾಡುತ್ತದೆ. ತೇವದಲ್ಲಿ ಲವಣವಿದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ.

ಗಿರಿಸೀಮೆಯಲ್ಲಿ ಸಮುದ್ರವಿಲ್ಲವಲ್ಲ, ಲವಣ ಎಲ್ಲಿಂದ ಬರಬೇಕು ಎನ್ನಬಹುದು. ಅದು ಚೀಲದಲ್ಲಿ ಬರುತ್ತದೆ. ತೋಟದ ಗಾಡಿ ಹೊರುವ ಗೊಬ್ಬರದಲ್ಲಿ ಪೊಟ್ಯಾಷ್ ಇರುತ್ತದೆ. ಸಾಮಾನ್ಯವಾಗಿ ಮಾರುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡು, ಅಡುಗೆ ಉಪ್ಪಿನ ಸೋದರ. ಕ್ಲೋರೈಡು ಉಕ್ಕಿನ ಮೇಲಿನ ರಕ್ಷಣಾಪೊರೆಯನ್ನು ಕೂತಲ್ಲೇ ಕೊರೆಯುತ್ತದೆ. ಮಳೆಗೆ ಮುಂಚೆ ಅಡಿಕೆಗೆ, ಕಾಫಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಇನ್ನೂ ಕುತೂಹಲದ್ದು. ಅದು ತಾಮ್ರದ ಸಲ್ಫೇಟು. ದ್ರಾವಣದಲ್ಲಿ ಅದ್ದಿದ ಚಾಕುವಿನ ಮೇಲೆ ತಾಮ್ರದ ಬಣ್ಣ ಕೂರುವುದನ್ನು ಬೆಳೆಗಾರರು ಬಲ್ಲರು, ಸುಣ್ಣ ಸಾಕಾಗಿದೆಯೇ ಎಂದು ನೋಡುವುದೇ ಹಾಗೆ. ಮೈಲುತುತ್ತದ ನೀರು ಚೆಲ್ಲಿ ಚಾಸಿಯ ಸಂದಿಗೆ ಇಳಿದರೆ ಅಲ್ಲೂ ಅದೇ ನಡೆಯುತ್ತದೆ: ತಾಮ್ರ ಕೂರುತ್ತದೆ, ಅದರ ಬೆಲೆಯಾಗಿ ಕಬ್ಬಿಣ ಕರಗುತ್ತದೆ, ಆಮೇಲೆ ತಾಮ್ರ–ಕಬ್ಬಿಣದ ಜೋಡಿ ಪುಟ್ಟ ಬ್ಯಾಟರಿಯಾಗಿ ಪ್ರತಿ ಮಳೆಗೂ ಕಬ್ಬಿಣವನ್ನೇ ತಿನ್ನುತ್ತದೆ. ಇದೆಲ್ಲಕ್ಕೂ ಓಡೋಮೀಟರ್ ಲೆಕ್ಕ ಗೊತ್ತಿಲ್ಲ. ‘ತೋಟದ ಗಾಡಿ, ಕಿಲೋಮೀಟರ್ ಕಡಿಮೆ’ ಎಂಬ ಮಾತನ್ನು ಮಾರುವವರು ಹೊಗಳಿಕೆಯಾಗಿ ಬಳಸುತ್ತಾರೆ. ನಿಂತ ಗಾಡಿಗೂ ತುಕ್ಕು ಹಿಡಿಯುತ್ತದೆ. ಓಡುವ ಗಾಡಿಯ ಮೈಗೆ ಗಾಳಿ ತಗುಲಿ ತೇವ ಬೇಗ ಆರುವುದರಿಂದ, ನಿಂತದ್ದಕ್ಕೇ ಹೆಚ್ಚು.

ಬರೀ ಲೋಹ ತೆಳುವಾದರೆ ಇಷ್ಟು ಅಂಜಬೇಕಾಗಿರಲಿಲ್ಲ. ತೆಳುವಾದದ್ದು ದಣಿಯುತ್ತದೆ, ಅದೇ ನಿಜವಾದ ತೊಂದರೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ರೈಲಿನ ಆಕ್ಸಲ್‌ಗಳು ಯಾವ ಅತಿಭಾರವೂ ಇಲ್ಲದೆ ಥಟ್ಟನೆ ತುಂಡಾಗುತ್ತಿದ್ದವು. ಆಗಸ್ಟ್ ವ್ಯೋಲರ್ ಎಂಬ ಜರ್ಮನ್ ಎಂಜಿನಿಯರು ಆಕ್ಸಲ್‌ಗಳನ್ನು ಮತ್ತೆ ಮತ್ತೆ ಬಾಗಿಸಿ ಪರೀಕ್ಷಿಸಿ ಕಂಡುಕೊಂಡದ್ದು: ಒಂದೇ ಸಲ ಹೇರಿದರೆ ಏನೂ ಮಾಡದ ಒತ್ತಡ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಸೀಳುತ್ತದೆ, ಮತ್ತು ಒತ್ತಡ ಚೂರು ಹೆಚ್ಚಿದರೂ ಆಯುಸ್ಸು ಬಹಳ ಕುಗ್ಗುತ್ತದೆ. ಬೆಸುಗೆ ಇರುವ ಉಕ್ಕಿನ ರಚನೆಗಳಿಗೆ ಇಂದಿನ ಎಂಜಿನಿಯರುಗಳು ಬಳಸುವ ಲೆಕ್ಕದಲ್ಲಿ ಆಯುಸ್ಸು ಒತ್ತಡದ ಘನಕ್ಕೆ ವಿಲೋಮ. ಮೂರು ಮಿಲಿಮೀಟರ್ ತಗಡು ತುಕ್ಕು ತಿಂದು ಎರಡಕ್ಕೆ ಇಳಿದಿದೆ ಎನ್ನಿ. ಅದೇ ಹೊರೆಗೆ ಒತ್ತಡ ಒಂದೂವರೆ ಪಟ್ಟು. ಒಂದೂವರೆಯ ಘನ ಸುಮಾರು 3.4. ಅಂದರೆ ಮೂರನೇ ಒಂದು ಭಾಗ ಲೋಹ ಹೋದರೆ ಉಳಿಯುವ ಆಯುಸ್ಸು ಮೂರನೇ ಎರಡು ಅಲ್ಲ, ಮೂರನೇ ಒಂದಕ್ಕಿಂತಲೂ ಕಡಿಮೆ. ತುಕ್ಕು ಎಲ್ಲ ಕಡೆ ಸಮವಾಗಿ ತಿನ್ನದೆ ಗುಳಿ ಬೀಳಿಸುವುದರಿಂದ, ಪ್ರತಿ ಗುಳಿಯ ಅಂಚಿನಲ್ಲೂ ಒತ್ತಡ ಗುಂಪುಗೂಡಿ ಲೆಕ್ಕ ಇನ್ನಷ್ಟು ಕೆಡುತ್ತದೆ. ಸ್ಪ್ರಿಂಗಿನ ಶ್ಯಾಕಲ್ ಕೂರುವ ಕಡೆ, ಸ್ಟೇರಿಂಗ್ ಬಾಕ್ಸಿನ ಬೋಲ್ಟು ಕೂರುವ ಕಡೆ ಇದು ನಡೆದರೆ ಗಾಡಿ ಬಿಡುವುದು ಇಳಿಜಾರಿನ ತಿರುವಿನಲ್ಲಿ, ಪೂರ್ತಿ ಹೊರೆಯಿದ್ದಾಗ. ಬೋರಿಗೆ ಬಂದ ಎಂಜಿನ್ ಹೆಚ್ಚೆಂದರೆ ದಾರಿಯಲ್ಲಿ ನಿಲ್ಲುತ್ತದೆ.

ವಾದಕ್ಕೆ ಅಡ್ಡ ಬರುವ ಮೊದಲ ಮಾತು: ಸವೆದ ಎಂಜಿನ್ ಗಿರಿ ಹತ್ತುವುದು ಹೇಗೆ? ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆಗೆ ಕಾಫಿ ತೋಟದೊಳಗೆ ಇಳಿಯುವ ಹಾದಿಯಲ್ಲಿ ಪ್ರವಾಸಿಗರನ್ನು ಹೊತ್ತು ಓಡುವುದು ಫೋರ್‌ವೀಲ್ ಜೀಪುಗಳೇ. ಬಲವಿಲ್ಲದ ಗಾಡಿಗೆ ಅಲ್ಲೇನು ಕೆಲಸ? ಲೆಕ್ಕ ಹಾಕೋಣ. ಜನ, ಸಾಮಾನು ಸೇರಿ ಎರಡು ಟನ್ ತೂಕ, ಐದಕ್ಕೆ ಒಂದರ ಏರು, ಕೆಸರಿನ ಎಳೆತ ತೂಕದ ಹತ್ತನೇ ಒಂದು ಭಾಗ. ಏರಿಗೆ 400 ಕಿಲೋ ತೂಕದಷ್ಟು, ಕೆಸರಿಗೆ 200 ಕಿಲೋದಷ್ಟು, ಒಟ್ಟು 600 ಕಿಲೋ ತೂಕದಷ್ಟು ಬಲ ಬೇಕು. ಅಂಥ ಕಡೆ ಗಂಟೆಗೆ 8 ಕಿಲೋಮೀಟರೇ ಹೆಚ್ಚು. ಆ ವೇಗದಲ್ಲಿ ಈ ಬಲಕ್ಕೆ ಬೇಕಾದದ್ದು 18 ಅಶ್ವಶಕ್ತಿ. ಗೇರು, ಆಕ್ಸಲ್‌ಗಳಲ್ಲಿ ಕಳೆದುಹೋಗುವುದನ್ನು ಕೂಡಿಸಿದರೂ 22 ದಾಟದು. ಹೊಸದಿದ್ದಾಗ 60ರ ಆಸುಪಾಸು ಕೊಡುತ್ತಿದ್ದ ಎಂಜಿನ್ ಮೂರನೇ ಒಂದು ಭಾಗ ಕಳೆದುಕೊಂಡು 40ಕ್ಕೆ ಇಳಿದಿದ್ದರೂ ಸುಮಾರು ದುಪ್ಪಟ್ಟು ಕೈಯಲ್ಲಿದೆ. ಏರು ಹತ್ತಿಸುವುದು ಲೋ ಗೇರು: ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಆಕ್ಸಲ್ ಮೂರೂ ಸೇರಿ ಎಂಜಿನ್ನಿನ ತಿರುಚುಬಲವನ್ನು ಹತ್ತಿರ ಹತ್ತಿರ ನಲವತ್ತು ಪಟ್ಟು ಮಾಡುತ್ತವೆ. ಸವೆದ ಎಂಜಿನ್ ಸೋಲುವುದು ಹೆದ್ದಾರಿಯಲ್ಲಿ, ಬೀರೂರಿನಿಂದ ತರೀಕೆರೆಗೆ ಬಸ್ಸನ್ನು ಹಿಂದಿಕ್ಕಬೇಕಾದಾಗ. ಹಾಗಾಗಿ ಜೀಪನ್ನು ಕೊಂಡ ದಿನವೇ ಎಂಜಿನ್ ಇಳಿಸಬೇಕಾಗಿಲ್ಲ. ಅಡಿಕೆ ದುಡ್ಡು ಬರುವವರೆಗೆ ಆಯಿಲ್ ಸುರಿಯುತ್ತ ಕಾಯಬಹುದು. ತುಕ್ಕು ಕಾಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಚಾಸಿಗೂ ಬೆಸುಗೆ ಹಾಕಬಹುದಲ್ಲ? ಹಾಕಬಹುದು, ಹಾಕುತ್ತಾರೆ, ಕೆಲವೊಮ್ಮೆ ಚೆನ್ನಾಗಿಯೂ ಹಾಕುತ್ತಾರೆ. ಆದರೆ ತೇಪೆ ತಗಡಿನ ಅಂಚು ದಣಿವಿನ ಬಿರುಕಿಗೆ ಇಷ್ಟದ ಜಾಗ. ಗಟ್ಟಿ ತೇಪೆಯಿಂದ ತೆಳು ಲೋಹಕ್ಕೆ ಹೊರೆ ದಾಟುವುದು ಅಲ್ಲೇ. ತೇಪೆಯ ಹಿಂದೆ ಏನಿದೆ ಎಂಬುದು ಇನ್ನೊಂದು ಪ್ರಶ್ನೆ. ಹಳೆಯ ಜೀಪಿನ ಚಾಸಿ ಬಹುಪಾಲು ಒಂದು ಬದಿ ತೆರೆದ ದೋಣಿಯಾಕಾರದ ಪಟ್ಟಿ. ಅದು ಸುಲಭವಾಗಿ ತಿರುಚುತ್ತದೆ, ಆದರೆ ಎರಡೂ ಮೈ ಕಣ್ಣಿಗೆ ಕಾಣುತ್ತವೆ, ತೊಳೆದರೆ ಮಣ್ಣು ಹೋಗುತ್ತದೆ. ಜಿಪ್ಸಿಯದು ಬಹುಪಾಲು ಮುಚ್ಚಿದ ಪೆಟ್ಟಿಗೆ. ತಿರುಚುವಿಕೆಯನ್ನು ತಡೆಯುವುದರಲ್ಲಿ ಮುಚ್ಚಿದ ಪೆಟ್ಟಿಗೆ ತೆರೆದ ಪಟ್ಟಿಗಿಂತ ಎಷ್ಟೋ ಪಟ್ಟು ಮೇಲು. ಆ ಗುಣವೇ ತುಕ್ಕಿನ ವಿಷಯದಲ್ಲಿ ಮುಳುವಾಗುತ್ತದೆ: ರಂಧ್ರಗಳಿಂದ ಒಳಹೊಕ್ಕ ಕೆಸರು ಅಲ್ಲೇ ಕೂತು ತೇವ ಹಿಡಿಯುತ್ತದೆ, ಹೊರಗೆ ಕಾಣುವ ತೂತು ಒಳಗಿನ ಕೆಲಸ ಮುಗಿದ ಮೇಲಿನ ಸುದ್ದಿ. ಹೀಗಾಗಿ ಎಂಜಿನ್ ರಿಪೇರಿಗೆ ಒಂದು ಮೇಲ್ಮಿತಿ ಇದೆ. ಕೆಟ್ಟದ್ದರಲ್ಲಿ ಕೆಟ್ಟದ್ದಾದರೂ ಅದೇ ಮಾದರಿಯ ಇನ್ನೊಂದು ಎಂಜಿನ್ನಿನ ಬೆಲೆ ಮತ್ತು ಕೂಲಿಗೆ ಖರ್ಚು ನಿಲ್ಲುತ್ತದೆ. ಚಾಸಿಯ ಕೆಲಸಕ್ಕೆ ಅಂಥ ಮಿತಿಯನ್ನು ಮೊದಲೇ ಹೇಳಬಲ್ಲ ಟಿಂಕರ್ ಇಲ್ಲ. ಉಜ್ಜಿದಷ್ಟೂ ತೂತು ದೊಡ್ಡದಾಗುತ್ತದೆ. ಚಾಸಿಯನ್ನೇ ಬದಲಿಸೋಣವೆಂದರೆ ಗಾಡಿಯ ಗುರುತಿನ ಸಂಖ್ಯೆ ಒತ್ತಿರುವುದು ಅದರ ಮೇಲೇ. ಎಂಜಿನ್ ಬದಲಿಸಿದರೂ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು, ಆದರೆ ಅದು ನಡೆದ ದಾರಿ.

ಎಂಜಿನ್ ತೊಂದರೆ ಕೂಗಿ ಹೇಳುತ್ತದೆ, ತುಕ್ಕು ಬಾಯಿ ಬಿಡುವುದಿಲ್ಲ. ಬೆಲೆಯ ಪ್ರಶ್ನೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಬರೆದ ಪ್ರಬಂಧದ ತಿರುಳು ಇದೇ: ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ದೋಷವಿರುವ ಕಡೆ ಬೆಲೆ ಸತ್ಯ ಹೇಳುವುದಿಲ್ಲ. ಆ ಚಿಂತನೆಗೆ 2001ರಲ್ಲಿ ನೊಬೆಲ್ ಬಹುಮಾನವೂ ಬಂತು. ಹೊಗೆಯುಗುಳುವ ಜೀಪಿನ ಮಾಲೀಕರು ಬಚ್ಚಿಡುವುದು ಏನೂ ಉಳಿದಿಲ್ಲ. ಹೊಗೆಯನ್ನು ಇಬ್ಬರೂ ನೋಡಿದ್ದಾರೆ, ಬೆಲೆಯಲ್ಲಿ ಅದು ಆಗಲೇ ಕಳೆದಿದೆ. ಜಿಪ್ಸಿಯ ಹೊಸ ಬಣ್ಣ, ಅಡಿಗೆ ಬಳಿದ ಕಪ್ಪು ಕೋಟಿಂಗ್ ಬೆಲೆಯನ್ನು ಮೇಲೆತ್ತಿ ಹಿಡಿದಿವೆ. ಹಾಗೆಂದು ಬಣ್ಣ ಹೊಡೆಸಿದವರೆಲ್ಲ ಮೋಸಗಾರರಲ್ಲ. ತಮ್ಮ ಗಾಡಿಯ ಪೆಟ್ಟಿಗೆಯೊಳಗೆ ಏನಾಗಿದೆ ಎಂದು ಅವರಿಗೂ ತಿಳಿದಿರುವುದಿಲ್ಲ.

ಜಿಪ್ಸಿಯ ಪರ ಒಂದು ವಾದ ಮಾತ್ರ ಸುಲಭವಾಗಿ ಬಗ್ಗುವುದಿಲ್ಲ, ಅದು ತೂಕದ್ದು. ಜಿಪ್ಸಿ ಒಂದು ಟನ್ನಿನ ಆಸುಪಾಸು. ಜೀಪು ಅದಕ್ಕಿಂತ ಹಲವು ಕ್ವಿಂಟಲ್ ಹೆಚ್ಚು. ನೆಂದ ಎರೆಮಣ್ಣಿನಲ್ಲಿ ಎಂಜಿನ್ ಶಕ್ತಿ ಕೆಲಸಕ್ಕೆ ಬರುವುದಿಲ್ಲ, ಚಕ್ರ ಎಷ್ಟು ಆಳಕ್ಕೆ ಹೂಳುತ್ತದೆ ಎಂಬುದೇ ಮುಖ್ಯ. ಒಂದೇ ಅಗಲದ ಟಯರಿನ ಮೇಲೆ ಕಡಿಮೆ ತೂಕ ಕೂತರೆ ಹೂಳುವುದೂ ಕಡಿಮೆ. ಅಜ್ಜಂಪುರದ ಹೊಲದ ದಾರಿಯಲ್ಲೇ ದಿನವೂ ಓಡಾಡುವವರಿಗೆ ಈ ಲಾಭ ನಿಜವಾದದ್ದು. ಅಲ್ಲಿನ ಹವೆಯೂ ಅವರ ಪರವಾಗಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60ರಿಂದ ಕೆಳಗಿದ್ದರೆ ಶುಚಿಯಾದ ಉಕ್ಕಿನ ಮೇಲೆ ತುಕ್ಕಿನ ಗತಿ ಹೆಚ್ಚುಕಡಿಮೆ ನಿಂತಂತೆಯೇ. ತೋಟದ ಜಿಪ್ಸಿಯನ್ನು ಬಯಲಿಗೆ ತಂದು, ಚಾಸಿಯ ಒಳಗಿನ ಮಣ್ಣನ್ನೂ ಲವಣವನ್ನೂ ನೀರಿನ ರಭಸದಿಂದ ತೊಳೆದು ಒಣಗಿಸಿದರೆ ಕಾಯಿಲೆ ಮಲಗುತ್ತದೆ. ಹಾಗಾಗಿ ತುಕ್ಕು ಮೇಲ್ಮೈಯದಷ್ಟೇ ಆಗಿದ್ದರೆ ಅಜ್ಜಂಪುರದವರು ಜಿಪ್ಸಿಯನ್ನೇ ಕೊಳ್ಳಲಿ. ಅದೇ ಜಿಪ್ಸಿಯನ್ನು ಕಲ್ಲತ್ತಿಗಿರಿಯ ಕೆಳಗಿನವರು ಅದೇ ಬೆಲೆಗೆ ಕೊಳ್ಳುವುದು ದಡ್ಡತನ.

ಮೇಲ್ಮೈಯದೋ ಆಳದ್ದೋ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಪದರ ಪದರವಾಗಿ ಉಬ್ಬಿದ್ದರೆ, ಬೆಸೆದ ಎರಡು ತಗಡುಗಳ ನಡುವೆ ಬಾಯಿ ಬಿಟ್ಟಿದ್ದರೆ ಆಳದ್ದೇ. ಪುಟ್ಟ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಖಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಶ್ಯಾಕಲ್ ಸುತ್ತಮುತ್ತ ಸ್ಕ್ರೂಡ್ರೈವರ್ ಒತ್ತಿ ನೋಡುವುದಕ್ಕೆ ಒಪ್ಪದ ಮಾಲೀಕರಿಂದ ಗಾಡಿ ಕೊಳ್ಳಬಾರದು.

ಜೀಪಿನ ಪರ ಇಷ್ಟು ಹೇಳಿದ ಮೇಲೆ ಅದನ್ನೂ ಬಿಟ್ಟು ಎದ್ದು ಬರಬೇಕಾದ ಸಂದರ್ಭಗಳಿವೆ. ರೇಡಿಯೇಟರಿನ ನೀರಿನಲ್ಲಿ ಆಯಿಲ್ ತೇಲಿದರೆ, ಆಯಿಲ್ ಹಾಲಿನಂತೆ ಬಿಳುಪೇರಿದ್ದರೆ, ಬ್ಲಾಕಿನಲ್ಲೇ ಬಿರುಕಿರಬಹುದು. ಬರೀ ಗ್ಯಾಸ್ಕೆಟ್ ಹೋಗಿದ್ದರೂ ಅದು ಎಂಜಿನ್ ಬಿಚ್ಚಿದ ಮೇಲೆ ಗೊತ್ತಾಗುವ ಮಾತು, ಆಗ ಮೇಲ್ಮಿತಿಯ ಲೆಕ್ಕವನ್ನೇ ಹಿಡಿದು ಬೆಲೆ ಕಟ್ಟಬೇಕು. ಎಂಜಿನ್ ಮೇಲಿನ ಸಂಖ್ಯೆ ಆರ್‌ಸಿಯದಕ್ಕೆ ಹೊಂದದಿದ್ದರೆ ಎಂದೋ ಯಾರೋ ಅನುಮತಿಯಿಲ್ಲದೆ ಎಂಜಿನ್ ಬದಲಿಸಿದ್ದಾರೆ. ಹಳೆ ಜೀಪುಗಳಲ್ಲಿ ಇದು ಸಾಮಾನ್ಯ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ನವೀಕರಣಕ್ಕೆ ಹೊಗೆ ತಪಾಸಣೆ ಪಾಸಾಗಿರಬೇಕು, ಇನ್‌ಸ್ಪೆಕ್ಟರು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಹೊಗೆಯನ್ನು ಲೇತ್ ಅಂಗಡಿ ಸರಿಪಡಿಸುತ್ತದೆ. ತಾಳೆಯಾಗದ ಸಂಖ್ಯೆಗೆ ತರೀಕೆರೆಯ ಆರ್‌ಟಿಒ ಕಚೇರಿಗೆ ಅಲೆದರೂ ಪರಿಹಾರ ಸಿಗುವ ಭರವಸೆ ಇಲ್ಲ.